ಆರು ಕೆಪಾಸಿಟರ್‌ಗಳ ಪಂಚನಾಮೆ

ಮಧ್ಯಾಹ್ನದ ಬಸ್ಸಿನಿಂದ ವಾಡಿಯಲ್ಲಿ ಇಳಿದ ನೀರಗಂಟಿ ದೇವಿಂದ್ರನ ಚೀಲದಲ್ಲಿ ಆರು ಹೆಣಗಳಿದ್ದವು. ಎರಡೇ ತಿಂಗಳಲ್ಲಿ ಅವನ ಕೈಮೇಲೆ ಸತ್ತ ಕೆಪಾಸಿಟರ್‌ಗಳು ಅವು. ಮೋಟರು ಎದ್ದು ತಿರುಗಲು ಮೊದಲ ನೂಕು ಕೊಡುವ ಹಿಡಿಗಾತ್ರದ ಡಬ್ಬಿಗಳು. ಅವು ಉಬ್ಬಿದಷ್ಟೂ ದೇವಿಂದ್ರನ ಮುಖ ಕುಗ್ಗಿತ್ತು.

ಶಹಾಬಾದ್ ಸೀಮೆಯ ಅವನ ಊರಿಗೆ ನೀರು ಬರುವುದು ಪಾಳುಬಿದ್ದ ಫರಸಿಕಲ್ಲಿನ ಖಣಿಯಿಂದ. ಕಬ್ಬಿಣದ ಡ್ರಮ್ಮುಗಳನ್ನು ಬೆಸೆದು ಮಾಡಿದ ದೋಣಿಯೊಂದು ಅದರಲ್ಲಿ ತೇಲುತ್ತದೆ. ಊರವರು ಅದನ್ನು ಜಹಾಜು ಅನ್ನುತ್ತಾರೆ. ಜಹಾಜಿನ ಮೋಟರು ಬೆಳಗಿನ ಜಾವ ಒಮ್ಮೆ ಓಡಿ ದಂಡೆಯ ಟಾಕಿ ತುಂಬಿಸುತ್ತದೆ. ಟಾಕಿಯಿಂದ ನಳಕ್ಕೆ ನೂಕುವುದು ದಂಡೆಯ ಮೋಟರು. ಜಹಾಜಿನಲ್ಲಿ ಮೂರು, ದಂಡೆಯಲ್ಲಿ ಮೂರು, ಸಾವಿನಲ್ಲೂ ಸಮಪಾಲು.

ಊರು ಸುಮ್ಮನಿರಲಿಲ್ಲ. "ಹೊಸಾವು ಮಾರಕೊಂಡು ಹಳೇವು ಹಚ್ಚತಾನ" ಎಂದು ಮೊದಲು ಅಂದವಳು ನಳದ ಸಾಲಿನಲ್ಲಿ ಸದಾ ಮುಂದಿರುವ ಪೀರಮ್ಮ. ಪಂಚಾಯ್ತಿ ಕಾರ್ಯದರ್ಶಿ ವಿಠ್ಠಲರಾವ್ ಅದೇ ದಿನ ಬೆಳಿಗ್ಗೆ ಮೂಗಿನಲ್ಲೇ ತೀರ್ಪು ಕೊಟ್ಟಿದ್ದರು: "ನೋಂಡಪ್ಪಾ ದೇವಿಂದ್ರಾ, ನಾಡಿದ್ದು ಮುಂಜಾನಿ ಕಡೀ ಕೊಡ ತುಂಬೂತನಕಾ ಮೋಂಟರ್ ನಡೀಬೇಕು. ನಡುವ ನಿಂತ್ರ ಕೀಲಿ ದಶರಥನ ಕೈಗೆ." ಹನ್ನೊಂದು ವರ್ಷ ಪಂಪಿನ ಮನೆ ಕಾದವನಿಗೆ ಕೀಲಿ ಹೋಗುವ ಸಂಕಟಕ್ಕಿಂತ, ಹೋಗುವಾಗ ಕಳ್ಳ ಅನ್ನುವ ಹೆಸರು ಜೊತೆಗೆ ಬರುವ ಸಂಕಟ ದೊಡ್ಡದಾಗಿತ್ತು.

ವಾಡಿಯ ಅಂಗಡಿಯಲ್ಲಿ, ಸುಟ್ಟ ಮೋಟರಿಗೆ ತಂತಿ ಸುತ್ತಿ ಕಟ್ಟುವ ಕಲೀಮ್ ಚಾಚಾ ಚೀಲ ಬಗ್ಗಿಸಿ, ಒಂದೊಂದರ ಎರಡೂ ತುದಿಗೆ ಸ್ಕ್ರೂಡ್ರೈವರ್ ಮುಟ್ಟಿಸಿದ.

"ಸತ್ತಾವಲ್ರೀ ಚಾಚಾ, ಮತ್ಯಾಕ?"

"ಒಳಗ ಕರೆಂಟ್ ಉಳದಿರತದ. ಇವು ಸತ್ತ ಮ್ಯಾಲೂ ಒದಿತಾವ, ಬೇಟಾ. ನಮ್ಮ ಷಡ್ಡಕನಂಗ."

ಆಮೇಲೆ ಅವುಗಳನ್ನು ಎರಡು ಗುಂಪು ಮಾಡಿದ. ಮೂರು ಪೂರಿಯಂತೆ ಉಬ್ಬಿ, ನೆತ್ತಿ ಒಡೆದು, ಕಂದು ಅಂಟು ಕಾರಿದ್ದವು. ಇನ್ನು ಮೂರರ ಮೈ ನೆಟ್ಟಗಿತ್ತು. ತಂತಿ ಸಿಕ್ಕಿಸುವ ಕಾಲುಗಳಿಗೆ ಮಾತ್ರ ಹಸಿರು ಕಿಲುಬು ಹಿಡಿದು ಒಂದೆರಡು ಕಡೆ ಸುಟ್ಟ ಕರಿ ಗೆರೆ ಬಿದ್ದಿತ್ತು.

"ಉಬ್ಬಿದ್ದು ದಂಡಿದು, ಕಿಲುಬಿದ್ದು ಜಹಾಜಿಂದು. ಹೌದಿಲ್ಲೊ?"

"ಹೌದ್ರಿ. ಹೆಂಗ ಗೊತ್ತಾತು?"

"ಒಂದೇ ಬ್ಯಾನಿಲೆ ಸತ್ತಿಲ್ಲ ಇವು. ಈಗ ದಂಡಿ ಮೋಟರ್ ಹೆಂಗ ಒದರತದ, ಬಾಯಿಲೆ ಮಾಡಿ ತೋರಸು."

ಇದು ಅವನ ಅಂಗಡಿಯ, ಅಂದರೆ ವಾಡಿಯ, ವಾಡಿಕೆ. ಮೋಟರು ಹೊತ್ತು ತರಲಾಗದವರು ಅದರ ದನಿಯನ್ನಾದರೂ ತರಬೇಕು. ಚಿತ್ತಾಪುರದ ಕೋರ್ಟಿನ ಕರಿಕೋಟಿನ ವಕೀಲರೂ ಈ ಸ್ಟೂಲಿನ ಮೇಲೆ ಕೂತು ತಮ್ಮ ಬೋರ್‌ವೆಲ್ಲಿನಂತೆ ಕೆಮ್ಮಿ ಹೋಗಿದ್ದಾರೆ. ದೇವಿಂದ್ರ ಆಚೀಚೆ ನೋಡಿ, ಗಂಟಲು ಸರಿಮಾಡಿಕೊಂಡ.

"ಹುಂಂಂ... ಟಕ್! ಗುಂಯ್ಯ್ಯ್..."

"ಚಲೋ ಅದ. ಹಿಂಗೇ ಪೂರಾ ಮುಂಜಾನಿ ಮಾಡು."

"ಪೂರಾನಾ? ಹುಂಂಂ ಟಕ್, ಗುಂಯ್ಯ್, ಟಪ್. ಹುಂಂಂ ಟಕ್, ಗುಂಯ್ಯ್, ಟಪ್. ಹುಂಂಂ..."

"ಠೈರೋ!" ಚಾಚಾ ಎರಡೂ ಕೈ ಎತ್ತಿದ. "ಈ ಟಪ್ ಅಂದ್ರೇನು?"

"ಬಂದ್ ಮಾಡೂದ್ರಿ. ಒಬ್ಬರ ಕೊಡ ತುಂಬಿತಂದ್ರ ಅವರು ಬಂದ್ ಮಾಡಬೇಕು, ಮುಂದಿನವರು ಚಾಲೂ ಮಾಡಬೇಕು. ಹನಿ ನೀರು ಹಾಳಾಗಬಾರದಂತ ಎರಡು ತಿಂಗಳ ಹಿಂದ ನಾನೇ ರೂಲ್ ಮಾಡೀನ್ರಿ. ಗುಂಡಿ ನಳದ ಬಾಜೂಕೇ ಹಚ್ಚಿಸೀನಿ." ಹೇಳುವಾಗ ಅವನ ಎದೆ ತುಸು ಮುಂದೆ ಬಂದಿತ್ತು.

"ತಾಸಿಗೆ ಎಷ್ಟು ಸಲ?"

"ಐವತ್ತು... ಅರವತ್ತಾಗಬಹುದು."

ಚಾಚಾ ಉಬ್ಬಿದ ಡಬ್ಬಿಯೊಂದನ್ನು ಅವನ ಕೈಗಿಟ್ಟ. "ಬೇಟಾ, ಇವ ಬಸ್ಸಿಗೆ ಧಕ್ಕಾ ಕೊಡಾವ. ಎರಡು ಸೆಕೆಂಡ್ ನೂಕಿದ, ಬಸ್ ಹೊಂಟಿತು, ಇವ ಕೂತು ಬೀಡಿ ಹಚ್ಚಿದ. ಅಷ್ಟೇ ಇವನ ನೌಕರಿ. ನೀವು ಹತ್ತು ಮಾರಿಗೊಮ್ಮೆ ಬಸ್ ನಿಲ್ಲಸಿ ಮತ್ತ ನೂಕು ಅಂತೀರಿ. ಮೈ ಆರಾಕ ಟೈಮ್ ಬ್ಯಾಡೇನು? ಒಳಗ ಕುದ್ದು, ಉಬ್ಬಿ, ಒಡದಾನ."

ದೇವಿಂದ್ರನ ಎದೆ ಇದ್ದಲ್ಲಿಗೆ ಮರಳಿತು. "ಮತ್ತ ಜಹಾಜಿಂದು? ಅದಕ್ಕ ಹನಿ ಬೀಳಬಾರದಂತ ಆವಾಗಲೇ ಗೊಬ್ಬರದ ಪ್ಲಾಸ್ಟಿಕ್ ಚೀಲ ಸುತ್ತಿ, ಸುತ್ಲಿಲೆ ಬಿಗಿದು ಕಟ್ಟೀನ್ರಿ. ಕೂಸಿಗೆ ಕುಂಚಗಿ ಕಟ್ಟಿದಂಗ."

"ಅದೇ ಕುಂಚಗಿ ಕೂಸಿನ ಉಸಿರು ಕಟ್ಟೇದ. ಸುತ್ತ ನೀರು, ಗಾಳಿ ತುಂಬ ಹಸಿ. ಹಗಲ ಬಿಸಿಲಿಗೆ ಚೀಲದಾಗ ಕುದಿತದ, ಸಂಜಿ ಥಂಡಿಗೆ ಬೆವರತದ. ಹೊರಗಿನ ನೀರು ಬರಬಾರದಂತ ಒಳಗಿನ ನೀರು ಹೋಗದಂಗ ಮಾಡೀದಿ. ಡಬ್ಬಿಗೆ ನೆಳ್ಳು ಮಾಡು, ಕಾಲು ಕೆಳಗ ಮಾಡಿ ಕೂಡಸು, ಮ್ಯಾಲಿನ ಕವಚಕ್ಕ ಬುಡದಾಗ ಒಂದು ತೂತು ಇಡು. ಗಾಳಿ ಆಡ್ಲಿ."

ದೇವಿಂದ್ರ ಸ್ಟೂಲಿನ ಮೇಲೇ ಕೂತಿದ್ದ. ಕದ್ದವರು ಯಾರೂ ಇರಲಿಲ್ಲ. ಆರಕ್ಕೆ ಆರನ್ನೂ ಕೊಂದದ್ದು ಅವನ ಜಾಣತನವೇ. "ಕಳ್ಳ ಅಲ್ಲಂತ ತೋರಸಬೇಕಂದ್ರ ದಡ್ಡ ಅಂತ ಒಪ್ಪಕೋಬೇಕಲ್ರೀ ಚಾಚಾ" ಎಂದ.

"ಎರಡರಾಗ ಯಾವ ಹೆಸರು ಅಗ್ಗ ನೋಡಕೋ" ಎಂದು ಚಾಚಾ ಎರಡು ಹೊಸ ಡಬ್ಬಿ ಕಟ್ಟಿಕೊಟ್ಟ.

ಮರುದಿನವೆಲ್ಲ ದೇವಿಂದ್ರ ಜಹಾಜಿನ ಮೇಲೇ ಇದ್ದ. ಚೀಲ ಬಿಚ್ಚಿದರೆ ಅದರೊಳಗಿಂದ ಅಂಗೈ ತುಂಬುವಷ್ಟು ನೀರು ಸುರಿಯಿತು. ಸಂಜೆಗೆ ದಂಡೆಯ ಮೋಟರಿಗೂ ಹೊಸ ಡಬ್ಬಿ ಹಚ್ಚಿದ.

ಕೊನೆಗೆ ಆ ಮುಂಜಾನೆ ಬಂತು; ಜಹಾಜು ಟಾಕಿ ತುಂಬಿಸಿಯಾಗಿತ್ತು. ವಿಠ್ಠಲರಾವ್ ಟಾಕಿಯ ನೆರಳಿಗೆ ಕುರ್ಚಿ ಹಾಕಿಸಿಕೊಂಡರು. ಕೀಲಿಗಾಗಿ ಕಾದಿದ್ದ ದಶರಥ ಬೇರೆ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ದೇವಿಂದ್ರ ನಳದ ಕೆಳಗೆ ದನ ನೀರು ಕುಡಿಯುವ ಕಲ್ಲುದೋಣಿ ಎಳೆದಿಟ್ಟು, ಸಾಲಿನ ಮುಂದೆ ನಿಂತ.

"ಅಕ್ಕಾಗೋಳ್ಯಾ, ಕೆಪಾಸಿಟರ್ ಕೊಂದಾವ ನಾನೇ."

"ಒಪ್ಪಿಕೊಂಡ ನೋಡ್ರಿ!" ಪೀರಮ್ಮ ಕೊಡ ಕುಕ್ಕಿದಳು.

"ಮಾರಿಲ್ಲಬೇ, ಕೊಂದೀನಿ." ಅವನು ಅರವತ್ತು ಸಲ ಗುಂಡಿ ಒತ್ತುವ ರೂಲನ್ನೂ, ಬಸ್ಸಿನ ಧಕ್ಕೆಯನ್ನೂ, ಕುಂಚಿಗೆಯನ್ನೂ ಹೇಳಿದ, ಹುಂಂಂ ಟಕ್ ಟಪ್ ಎಂದು ಮೋಟರಾಗಿ ಏದುಸಿರು ಬಿಟ್ಟು, ಕಣ್ಣು ತಿರುಗಿಸಿ, ಕೆನ್ನೆ ಉಬ್ಬಿಸಿ ಸತ್ತೂ ತೋರಿಸಿದ. ಸಾಲು ನಗಲು ಶುರುಮಾಡಿತು. "ಇವತ್ತಿಂದ ಒಮ್ಮೆ ಚಾಲೂ, ಒಮ್ಮೆ ಬಂದ್. ಕೊಡ ಬದಲಿಸುವಾಗ ಬಿದ್ದ ನೀರು ದನಕ್ಕ."

ಮೋಟರು ಹುಂ ಅಂತು, ಟಕ್ ಅಂತು, ತಿರುಗಿತು.

ಪೀರಮ್ಮನ ಕೊಡ ತುಂಬಿತು. ಎರಡು ತಿಂಗಳ ರೂಢಿ, ಅವಳ ಕೈ ತಾನಾಗಿ ಗುಂಡಿಯ ಕಡೆ ಹೋಯಿತು.

"ಯವ್ವಾ, ಬ್ಯಾಡ!" ದೇವಿಂದ್ರ ಕೂಗಿದ.

ಬೆರಳು ಗಾಳಿಯಲ್ಲೇ ನಿಂತಿತು. ನೀರು ಕಲ್ಲುದೋಣಿಗೆ ಧೋ ಎಂದು ಬಿತ್ತು. ಹಿಂದಿನವಳು ಕೊಡ ತಂದಿಟ್ಟಳು.

ಇಪ್ಪತ್ತು ಕೊಡ. ನಲವತ್ತು. ಎಂಥ ಮೋಟರನ್ನೂ ಬಾಯಲ್ಲಿ ಆಡಿಸುವ ದೇವಿಂದ್ರ ಈಗ ಬರೀ ಕಿವಿಯಾಗಿದ್ದ. ಗುಂಯ್ಯ್ ಒಂದೇ ಸಮ, ನಡುವೆ ಒಂದು ಕೊಂಕಿಲ್ಲ. ಎಮ್ಮೆಯೊಂದು ಬಂದು ಕಲ್ಲುದೋಣಿಗೆ ಮೂತಿ ಇಟ್ಟಿತು. ಕಡೆಯ ಕೊಡ ಇಮಾಮ್‌ಬೀಯದು. ಅದು ತುಂಬಿ ತುಳುಕಿದಾಗ ದೇವಿಂದ್ರ ತಾನೇ ಹೋಗಿ ಗುಂಡಿ ಒತ್ತಿದ. ಟಪ್.

ವಿಠ್ಠಲರಾವ್ ಎದ್ದು, ಡಬ್ಬಿಯ ಕವಚದ ಮೇಲೆ ಅಂಗೈ ಇಟ್ಟರು. "ತಂಣ್ಣಗದನಲ್ಲೋ!"

"ಹೌದ್ರಿ. ಬೀಡಿ ಸೇದಾಕತ್ತಾನ."

"ಕೀಲಿ ನಿಂನ್ನ ಹಂತ್ಯಾಕೇ ಇರ್ಲಿ" ಎಂದು ರಾಯರು ಹೊರಟರು. ದಶರಥ, ಬಂದ ದಾರಿಗೆ ಸುಂಕವಿಲ್ಲದೆ, ತನ್ನ ಕೊಡವೊಂದನ್ನು ತುಂಬಿಕೊಳ್ಳಬಹುದಿತ್ತಲ್ಲ ಎಂದುಕೊಳ್ಳುತ್ತ ನಡೆದ.

ದೇವಿಂದ್ರ ಟಾಕಿಯ ಗೋಡೆಗೆ ಒರಗಿ ಕೂತ.

ಪೀರಮ್ಮ ಎರಡನೆಯ ಕೊಡ ಒಯ್ಯಲು ಮರಳಿ ಬಂದಳು. "ಏಳೋ, ತಲಿಮ್ಯಾಲ ಎತ್ತಿಡು. ನೀ ಕಳ್ಳ ಅಲ್ಲಂತ ನಾನೇ ಮನೀಮನಿಗೆ ಹೇಳಿ ಬರ್ತೀನಿ."

"ಭಾಳ ಉಪಕಾರಾತಬೇ."

"ಭಾಳ ದಡ್ಡ ಅದಾನಂತನೂ ಹೇಳ್ತೀನಿ ಮತ್ತ."

"ಹೇಳಬೇ" ಎಂದ ದೇವಿಂದ್ರ ಕೊಡ ಎತ್ತುತ್ತ. "ಜೋರಾಗೇ ಹೇಳು."