ಸಮಪಾಲು ಎಂಬ ಊಹೆ

“ಒಂಟಿ ಅಯಾನನ್ನ ಅಳೆಯೋಕೇ ಆಗಲ್ಲ ಅಂದ್ರೆ, ನಿಮ್ಮ ಪ್ರಬಂಧದಲ್ಲಿ ಒಂದೊಂದಕ್ಕೂ ಬೇರೆ ಬೇರೆ ಅಂಕಿ ಎಲ್ಲಿಂದ ಬಂತು ಮೇಡಂ?” ಎಂದರು ಸಂದರ್ಶನ ಸಮಿತಿಯ ಅಧ್ಯಕ್ಷರು.

ಅವಳಿಗಿದು ನೀರು ಕುಡಿದಷ್ಟು ಸುಲಭ. ಲವಣವೊಂದು ನೀರಿನಿಂದ ಆಲ್ಕೋಹಾಲಿಗೆ ದಾಟಲು ಎಷ್ಟು ಶಕ್ತಿ ಬೇಕೆಂದು ಅಳೆಯಬಹುದು. ಆದರೆ ಅದರ ಧನ, ಋಣ ಅಯಾನುಗಳು ಜೊತೆಯಾಗಿಯೇ ದಾಟುತ್ತವೆ. ಯಾವುದರ ಪಾಲೆಷ್ಟೆಂದು ಯಾವ ಉಪಕರಣವೂ ಹೇಳದು. ಹಾಗಾಗಿ ಗಾತ್ರದಲ್ಲಿ ಹೆಚ್ಚುಕಡಿಮೆ ಸಮನಾದ ಎರಡು ದೊಡ್ಡ ಅಯಾನುಗಳ ಲವಣವನ್ನು ಆರಿಸಿ, ಮೊತ್ತವನ್ನು ಸಮನಾಗಿ ಹಂಚಿ, ಉಳಿದವುಗಳ ಲೆಕ್ಕವನ್ನು ಅಲ್ಲಿಂದ ಬಿಡಿಸುತ್ತಾರೆ.

“ಸಮಪಾಲು ಅನ್ನೋದಕ್ಕೆ ಪುರಾವೆ?”

“ಪುರಾವೆ ಇಲ್ಲ ಸರ್. ಒಪ್ಕೊಂಡಿದೀವಿ, ಅಷ್ಟೆ.”

ಅಧ್ಯಕ್ಷರು ನಕ್ಕರು. ಪಕ್ಕದಲ್ಲಿದ್ದ ವಿಷಯ ಪರಿಣತೆ ನಗಲಿಲ್ಲ; ಅವಳ ಪ್ರಬಂಧಗಳನ್ನು ತಿರುವಿ ಹಾಕುತ್ತಿದ್ದರು. ಎಲ್ಲದರ ಮೇಲೂ ಅವಳ ಹೆಸರಿನ ಜೊತೆ ಅವಳ ಗಂಡನ ಹೆಸರು. ಇದ್ದದ್ದು ಒಂದೇ ಹುದ್ದೆ, ಕರೆ ಬಂದದ್ದು ಇಬ್ಬರಿಗೂ. ವಯೋಮಿತಿ ಇಬ್ಬರಿಗೂ ಈ ವರ್ಷಕ್ಕೆ ಮುಗಿಯುತ್ತಿತ್ತು.

ಮೊನ್ನೆ ಊಟಕ್ಕೆ ಕೂತಾಗ ಗಂಡನೇ ಹೇಳಿದ್ದ: “ಯಾರ ಕೆಲಸ ಎಷ್ಟು ಅಂತ ಕೆದಕ್ತಾರೆ ಕಣೇ. ಅರ್ಧ ಅರ್ಧ ಅಂದ್ಬಿಡೋಣ. ಯಾರಿಗೆ ಸಿಕ್ಕಿದ್ರೂ ಮನೆಗೇ ತಾನೇ ಬರೋದು!”

“ನಂದು ಸ್ವಲ್ಪ ಜಾಸ್ತೀನೇ ಇದೆ.”

“ಗಾತ್ರದಲ್ಲಾ?”

ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಅವಳ ಮಾತು ತಮಾಷೆಯಾದರೂ ಸುಳ್ಳಾಗಿರಲಿಲ್ಲ. ಎಷ್ಟು ಒಣಗಿಸಿದರೂ ಆಲ್ಕೋಹಾಲಿನಲ್ಲಿ ಉಳಿದುಬಿಡುವ ಚೂರು ನೀರು ಅಳತೆಯನ್ನು ಕೆಡಿಸುತ್ತದೆ. ಅದನ್ನು ಲೆಕ್ಕದಲ್ಲೇ ಕಳೆಯುವ ಉಪಾಯ ಹೊಳೆದದ್ದು ಅವಳಿಗೆ, ಜ್ವರದಲ್ಲಿ ಮಲಗಿದ್ದ ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಾಗ.

“ನೀರಿನ ಈ ತಿದ್ದುಪಡಿಯ ವಿಧಾನ ಯಾರದ್ದು?” ಪರಿಣತೆ ಕೇಳಿದರು.

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. “ಇಬ್ಬರದೂ ಮೇಡಂ. ಅರ್ಧ ಅರ್ಧ.”

ಪರಿಣತೆ ಕನ್ನಡಕ ತೆಗೆದರು. “ನಿಮ್ಮವರು ಬೆಳಿಗ್ಗೆ ಹಾಗನ್ನಲಿಲ್ಲವಲ್ಲಮ್ಮ? ವಿಧಾನ ಪೂರ್ತಿ ತಮ್ಮದು, ನೀವು ಅಳತೆ ತಗೊಂಡ್ರಿ ಅಂದ್ರು. ಅವರು ಪೂರ್ತಿ ಅಂತಾರೆ, ನೀವು ಅರ್ಧ ಅಂತೀರಿ. ನಾವು ಯಾವುದನ್ನ ಬರ್ಕೊಳ್ಳೋಣ?”

ಈಗ ಪೂರ್ತಿ ನನ್ನದು ಎಂದರೆ ಯಾರು ನಂಬುತ್ತಾರೆ? ಅರ್ಧವನ್ನು ತಾನೇ, ಇದೇ ಬಾಯಿಂದ, ಈಗಷ್ಟೇ ಬಿಟ್ಟುಕೊಟ್ಟಿದ್ದಳು. ಮೇಜಿನಾಚೆ ಯಾರೋ ಪೆನ್ನಿನ ಮುಚ್ಚಳ ಹಾಕಿದ ಸದ್ದಾಯಿತು. “ಸರಿ, ನೀವಿನ್ನು ಹೊರಡಬಹುದು,” ಎಂದರು ಅಧ್ಯಕ್ಷರು.

ಗಂಡ ಮೆಟ್ಟಿಲ ಬಳಿ ಕಾಯುತ್ತಿದ್ದ.

“ಏನ್ ಕೇಳಿದ್ರೇ?”

“ಅದೇ.”

“ನೀನೇನಂದೆ?”

“ಅರ್ಧ ಅರ್ಧ ಅಂದೆ. ನೀನು?”

“ನಾನೂ ಅದನ್ನೇ ಅಂದೆ ಕಣೇ,” ಎಂದ, ಒಂದು ಉಸಿರಿನಷ್ಟೂ ತಡಮಾಡದೆ. ಆಮೇಲೆ, ಇಷ್ಟು ವರ್ಷಗಳಲ್ಲಿ ಎಂದೂ ಮಾಡದವನು, ಅವಳ ಕೈಯಿಂದ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. “ಭಾರ ಇದೆ, ಕೊಡು.”

ಅವನ ಹಿಂದೆ ಮೆಟ್ಟಿಲಿಳಿಯುತ್ತ, ಖಾಲಿಯಾದ ಕೈಗಳನ್ನು ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ಅವಳು ಒಂದರೊಳಗೊಂದು ಹೆಣೆದುಕೊಂಡಳು. ಮತ್ತೆ ಬಿಡಿಸಿದಳು.