ಬಲಗೆನ್ನೆಯ ಹೊಳಪು

ನನ್ನ ಮುಖದ ಮೇಲೆ ಪ್ರಯೋಗ ಮಾಡಬಹುದೆಂದು ಹೊಳೆದದ್ದು ಸಾವಿತ್ರಕ್ಕನಿಗೆ. ಒಪ್ಪಿದ್ದು ನನ್ನ ಅಕ್ಕ ಸ್ಫೂರ್ತಿ. ನಾನು ಆಗ ಅಡುಗೆಮನೆಯಲ್ಲಿ ಅವರಿಬ್ಬರಿಗೂ ಟೀ ಸೋಸುತ್ತಿದ್ದೆ.

ಸಾವಿತ್ರಕ್ಕ ಟೋಕಿಯೋದ ನಿಶಿ ಕಸಾಯಿಯಲ್ಲಿ ನಮ್ಮ ಎದುರಿನ ಕಟ್ಟಡದವರು. ಜಪಾನಿನ ಕ್ರೀಮು, ಲೋಷನ್ನುಗಳ ಬಗ್ಗೆ ಕನ್ನಡದಲ್ಲಿ ವೀಡಿಯೊ ಮಾಡುತ್ತಾರೆ. ಮೈಸೂರು, ಹುಬ್ಬಳ್ಳಿಯ ಹೆಂಗಸರು ಅದನ್ನು ನೋಡಿ ಇಲ್ಲಿರುವ ಸೊಸೆಯಂದಿರಿಗೂ ಹೆಣ್ಣುಮಕ್ಕಳಿಗೂ ಇಂಥದ್ದೇ ತಾ ಎಂದು ಹೇಳಿಕಳಿಸುತ್ತಾರೆ.

"ಎಲ್ರೂ ಕೇಳೋದು ಒಂದೇ, ಸ್ಫೂರ್ತಿ. ಡ್ರಗ್‌ಸ್ಟೋರ್‌ದು ಸಾಕಾ, ಇಲ್ಲಾ ದೊಡ್ಡ ಬ್ರ್ಯಾಂಡೇ ಬೇಕಾ ಅಂತ. ಎಡಗೆನ್ನೆಗೆ ಅಗ್ಗದ್ದು, ಬಲಗೆನ್ನೆಗೆ ಕಾಸ್ಟ್ಲಿದು. ಎರಡು ತಿಂಗಳು ಹಚ್ಚಿ ತೋರಿಸ್ಬಿಟ್ರೆ ಆಯ್ತು. ನನ್ನ ಮುಖದಲ್ಲಿ ಮಾಡಿದ್ರೆ ಏನೂ ಗೊತ್ತಾಗಲ್ಲ. ಏನಾದ್ರೂ ಇದ್ರೆ ತಾನೇ ಗೊತ್ತಾಗೋದು."

"ನಮ್ಮ ಚಿನ್ಮಯಿ ಮುಖದಲ್ಲಿ ಬೇಕಾದಷ್ಟಿದೆ," ಅಕ್ಕ ನಕ್ಕಳು.

ಇತ್ತು, ನಿಜ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಎದ್ದ ಮೊಡವೆಗಳು ಹೋಗುವಾಗ ಕಲೆಗಳನ್ನು ಬಿಟ್ಟುಹೋಗಿದ್ದವು. ಎಂ.ಎಸ್ಸಿ. ಮುಗಿಸಿ ಜಪಾನಿ ಭಾಷೆ ಕಲಿಯಲು ಅಕ್ಕನ ಮನೆಗೆ ಬಂದ ಮೇಲೆ ಟೋಕಿಯೋದ ಒಣಚಳಿಗೆ ಅವು ಇನ್ನಷ್ಟು ಎದ್ದು ಕಾಣುತ್ತಿದ್ದವು. ನನ್ನ ಜೊತೆ ಮಾತಾಡುವವರ ಕಣ್ಣು ಮೊದಲು ಕೆನ್ನೆಗೆ ಬಂದು, ಅಲ್ಲಿಂದ ನಾಚಿ ಮೇಲೆ ಹೋಗುವುದು ನನಗೆ ಅಭ್ಯಾಸವಾಗಿತ್ತು. ನಾನು ಮಾತು ಕಡಿಮೆ ಮಾಡಿದ್ದಕ್ಕೆ ಅದೂ ಒಂದು ಕಾರಣ. ಬಾಯಲ್ಲಿ ಬರದಿದ್ದದ್ದನ್ನು ಡೈರಿಯಲ್ಲಿ ಬರೆದು ಮಲಗುತ್ತಿದ್ದೆ.

ಟೀ ತಂದಿಟ್ಟಾಗ ಸಾವಿತ್ರಕ್ಕ ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಸೂಪರ್ ಆಗಿದೆ. ಎರಡೂ ಕಡೆ ಸಮ ಇದೆ."

ನಾನು ಆಗಲ್ಲ ಎನ್ನಲಿಲ್ಲ. ಒಸಾಕಾದಲ್ಲಿರುವ ಸುಪ್ರೀತ್ ಸಾವಿತ್ರಕ್ಕನ ಮೈದುನ. ಅಕ್ಕನ ಮನಸ್ಸಿನಲ್ಲಿ ಈ ಸಂಬಂಧ ದೀಪಾವಳಿಯಿಂದಲೂ ಕೂತಿತ್ತು. ನನ್ನ ಮನಸ್ಸಿನಲ್ಲೂ ಕೂತಿತ್ತು ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಹಬ್ಬದ ಊಟದ ದಿನ ಸಮುದಾಯ ಭವನದ ಗಲಾಟೆ ತಡೆಯಲಾರದೆ ನಾನು ಚಪ್ಪಲಿ ಗೂಡಿನ ಪಕ್ಕ ನಿಂತಿದ್ದಾಗ ಅವನೂ ಬಂದು ನಿಂತಿದ್ದ. "ನಿಮಗೂ ಒಳಗೆ ಆಗ್ತಿಲ್ವಾ?" ಎಂದು ಕೇಳಿದ್ದ. ಆಮೇಲೆ ಒಸಾಕಾದ ಜನರ ಬಗ್ಗೆ, ತನಗೆ ಬಾರದ ಅಡುಗೆಯ ಬಗ್ಗೆ ಏನೇನೋ ಮಾತಾಡಿದ. ಅಷ್ಟು ಹೊತ್ತೂ ಒಂದು ಸಲವೂ ನನ್ನ ಕೆನ್ನೆ ನೋಡಿರಲಿಲ್ಲ. ಇಂಥ ಹುಡುಗನೂ ಇರುತ್ತಾನೆಯೇ ಎಂದು ನಾನು ಚಳಿಗಾಲವಿಡೀ ಯೋಚಿಸಿದೆ.

ಮರುವಾರ ಸಾವಿತ್ರಕ್ಕ ಎರಡು ಸಾಮಾನು ತಂದುಕೊಟ್ಟರು. ಒಂದು, ಸ್ಟೇಷನ್ ಎದುರಿನ ಡ್ರಗ್‌ಸ್ಟೋರಿನ ಬಿಳಿ ಡಬ್ಬಿ. ಮುಗಿದರೆ ತುಂಬಿಕೊಳ್ಳಲು ಅದರದೇ ಪ್ಯಾಕೆಟ್ಟುಗಳು. ಇನ್ನೊಂದು, ರಿಬ್ಬನ್ ಕಟ್ಟಿದ ಕಾಗದದ ಚೀಲದೊಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ರೇಷ್ಮೆಯಂಥ ಬಟ್ಟೆ, ಅದರ ನಡುವೆ ಕೈಗೆ ಭಾರ ತೂಗುವ ಗಾಜಿನ ಜಾರು. ಅದನ್ನು ಬೆಂಗಳೂರಿಗೆ ತರಿಸಿ ಮಾರಬೇಕೆಂದಿದ್ದ ಒಬ್ಬ ವ್ಯಾಪಾರಿ ಸಾವಿತ್ರಕ್ಕನಿಗೆ ಕೊಟ್ಟಿದ್ದನಂತೆ.

"ನೋಡ್ಕೊಂಡು ಹಚ್ಚು ಆಯ್ತಾ. ಬಟಾಣಿಯಷ್ಟು ಸಾಕು," ಎಂದು ಹೇಳಿ ಹೋದರು.

ಅವರು ಲಿಫ್ಟ್ ಇಳಿಯುವಷ್ಟರಲ್ಲಿ ಅಕ್ಕ ಆ ಜಾರನ್ನು ಮತ್ತೆ ಬಟ್ಟೆಯಲ್ಲಿಟ್ಟು, ಪೆಟ್ಟಿಗೆ ಮುಚ್ಚಿ, ರಿಬ್ಬನ್ನು ಮೊದಲಿನ ಮಡಿಕೆಯಲ್ಲೇ ಕಟ್ಟಿದಳು. ಮಂಚದ ಕೆಳಗಿನ ಸೂಟ್‌ಕೇಸ್ ಎಳೆದಳು. ಇಲ್ಲಿನ ನಮ್ಮವರ ಮನೆಗಳಲ್ಲೆಲ್ಲ ಅಂಥದ್ದೊಂದು ಸೂಟ್‌ಕೇಸ್ ಇರುತ್ತದೆ. ಊರಿಗೆ ಹೋಗುವುದು ವರ್ಷಕ್ಕೊಮ್ಮೆಯಾದರೂ ಅದು ವರ್ಷವಿಡೀ ತುಂಬುತ್ತಿರುತ್ತದೆ: ಚಾಕೊಲೇಟು, ಪುಟ್ಟ ಟವೆಲ್ಲು, ಉಗುರು ಕತ್ತರಿ, ಸನ್‌ಸ್ಕ್ರೀನು. ಒಳ್ಳೆಯದು ಏನು ಬಂದರೂ ಮೊದಲು ಅದರೊಳಕ್ಕೆ.

"ಅಕ್ಕಾ, ಅದು ಪ್ರಯೋಗಕ್ಕೆ ಕೊಟ್ಟಿದ್ದು."

"ಅತ್ತೆಗಾಗುತ್ತೆ ಬಿಡೆ. ಹೋದ್ಸಲ ನಾನು ತಗೊಂಡೋಗಿದ್ದ ಕ್ರೀಮ್ ತಿರುಗಿಸಿ ಬೆಲೆ ನೋಡಿ, ನನ್ನ ಎದುರಿಗೇ ಕೆಲಸದವಳಿಗೆ ಕೊಟ್ರು. ಸೊಸೆ ಜಪಾನಲ್ಲಿದ್ದೂ ಇಷ್ಟೇನಾ ಅನ್ನೋ ಥರ. ಈ ಸಲ ನಮ್ಮತ್ತೆ ಚಾಮುಂಡೇಶ್ವರಮ್ಮನವರು ನೋಡ್ಲಿ."

"ಮತ್ತೆ ನನ್ನ ಬಲಗೆನ್ನೆ?"

"ಎರಡೂ ಕಡೆ ಅಗ್ಗದ್ದೇ ಹಚ್ಚು. ವ್ಯತ್ಯಾಸ ಕಾಣ್ಲಿಲ್ಲ ಅಂದ್ರೆ, ವ್ಯತ್ಯಾಸ ಇಲ್ಲ ಅಂತ ವೀಡಿಯೊ ಮಾಡ್ತಾರೆ. ಜನ ಉದ್ಧಾರ ಆಗ್ತಾರೆ."

ಲೆಕ್ಕ ಸರಿಯಾಗಿಯೇ ಇತ್ತು. ಓದುವಾಗ ಲ್ಯಾಬಿನಲ್ಲಿ ಇಂಥ ಮೋಸವನ್ನು ನಾನು ಮಾಡಿದವಳಲ್ಲ. ಆದರೆ ಅಕ್ಕನ ಅನ್ನ ತಿಂದುಕೊಂಡು, ಅವಳ ಅತ್ತೆಯ ವಿಷಯದಲ್ಲಿ ಅಡ್ಡ ಮಾತಾಡಲು ನನ್ನಿಂದ ಆಗಲಿಲ್ಲ.

ಬೆಳಿಗ್ಗೆ, ರಾತ್ರಿ ಎರಡೂ ಕೆನ್ನೆಗೆ ಬಿಳಿ ಡಬ್ಬಿಯದನ್ನೇ ಹಚ್ಚಿದೆ. ಶನಿವಾರ ಸಾವಿತ್ರಕ್ಕನ ಮನೆಯಲ್ಲಿ ಫೋಟೊ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಕೂದಲು ಹಿಂದಕ್ಕೆ ಕಟ್ಟಿ, "ನಗಬೇಡ, ನಕ್ಕರೆ ಕೆನ್ನೆ ಉಬ್ಬುತ್ತೆ" ಎನ್ನುತ್ತಿದ್ದರು. ಬಲಗೆನ್ನೆ ಕಿಟಕಿಯ ಕಡೆಗಿರುತ್ತಿತ್ತು. ಎಡಗೆನ್ನೆಯ ಆಚೆ ಪುಸ್ತಕದ ಕಪಾಟು.

ಕ್ರೀಮು ಕೆಲಸ ಮಾಡಿತು. ಅದನ್ನು ಇಲ್ಲಿ ಹೇಳಲೇಬೇಕು, ಬೇರೆ ಯಾರೂ ಹೇಳಲಿಲ್ಲ. ಚರ್ಮದ ಬಿರುಸು ಹೋಯಿತು, ಕೆಂಪು ಇಳಿಯಿತು, ಹಳೆಯ ಕಲೆಗಳು ತಿಳಿಯಾದವು. ಎರಡೂ ಕೆನ್ನೆಯಲ್ಲಿ. ಭಾಷಾ ಶಾಲೆಯಿಂದ ಮರಳುವಾಗ ತೋಝಾಯಿ ಲೈನಿನ ರೈಲು ಸುರಂಗದಲ್ಲಿರುವಷ್ಟು ಹೊತ್ತು ಕಿಟಕಿ ಗಾಜು ಕನ್ನಡಿಯಾಗುತ್ತದೆ. ಮೊದಲು ಆ ಹೊತ್ತಿನಲ್ಲಿ ಫೋನು ನೋಡುತ್ತಿದ್ದವಳು ಈಗ ನನ್ನನ್ನೇ ನೋಡಿಕೊಳ್ಳುತ್ತಿದ್ದೆ. ರೈಲು ಮೇಲೆ ಬಂದು ಅರಾಕಾವಾ ನದಿ ಕಂಡು ಮುಖ ಮಾಯವಾದಾಗ ಬೇಸರವಾಗುತ್ತಿತ್ತು.

ಫೆಬ್ರವರಿಯಲ್ಲಿ ವೀಡಿಯೊ ಬಂತು. ಪರದೆಯ ತುಂಬ ನನ್ನ ಮುಖ, ಮೂಗಿನ ಮೇಲೆ ನೆಟ್ಟಗೊಂದು ಬಿಳಿ ಗೆರೆ. ಎಡಕ್ಕೆ ಅಗ್ಗ, ಬಲಕ್ಕೆ ದುಬಾರಿ. ಕಿಟಕಿಯ ಬೆಳಕಿನಲ್ಲಿ ಬಲಗೆನ್ನೆ ಹೊಳೆಯುತ್ತಿತ್ತು. ಎಡಗೆನ್ನೆ ಕಪಾಟಿನ ನೆರಳಿನಲ್ಲಿ ಮಂಕಾಗಿತ್ತು.

"ನಾನು ಬಾಯಲ್ಲಿ ಹೇಳೋದೇ ಬೇಡ, ನೀವೇ ನೋಡಿ," ಎಂದಿತು ಸಾವಿತ್ರಕ್ಕನ ಧ್ವನಿ. "ಚೀಪ್ ಪ್ರಾಡಕ್ಟ್ ಪರವಾಗಿಲ್ಲ. ಆದರೆ ಬಲಗಡೆಯ ಆ ಗ್ಲೋ ಇದ್ಯಲ್ಲ, ಅದಕ್ಕೇ ನಾವು ದುಡ್ಡು ಕೊಡೋದು."

ಅವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನ್ನಿಸಲಿಲ್ಲ. ನಿಜವಾಗಿಯೂ ಅವರಿಗೆ ಕಾಣುತ್ತಿತ್ತು. ನೋಡಿದವರಿಗೆಲ್ಲ ಕಾಣುತ್ತಿತ್ತು. 'ಪಾಪ, ಆ ಹುಡುಗಿಯ ಎಡಗೆನ್ನೆ ನೋಡಿ ಸಂಕಟವಾಯ್ತು' ಎಂದು ಯಾರೋ ಬರೆದಿದ್ದರು. 'ಬಲಗಡೆ ಒಂದು ಸುತ್ತು ಬೆಳ್ಳಗೂ ಆಗಿದಾಳೆ' ಎಂದು ಇನ್ನೊಬ್ಬರು.

ಅಕ್ಕ ಫೋನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. "ನಿಜ ಹೇಳ್ಬೇಕಂದ್ರೆ ಬಲಗಡೆ ಸ್ವಲ್ಪ ಚೆನ್ನಾಗೇ ಇದೆ ಕಣೆ."

"ಅಕ್ಕಾ, ಎರಡಕ್ಕೂ ಒಂದೇ ಹಚ್ಚಿದ್ದು."

"ಗೊತ್ತು ಕಣೆ. ಆದ್ರೂ."

ಮಾರ್ಚ್ ಮೊದಲ ಭಾನುವಾರ ಸುಪ್ರೀತ್ ಒಸಾಕಾದಿಂದ ಬಂದ. ಸಾವಿತ್ರಕ್ಕನ ಮನೆಯಲ್ಲಿ ಬಿಸಿಬೇಳೆಬಾತು. ಹೆಣ್ಣು ನೋಡುವ ಶಾಸ್ತ್ರ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಊಟವಾದ ಮೇಲೆ, "ನದಿ ಕಡೆ ಒಂದು ರೌಂಡ್ ಹೋಗ್ಬನ್ನಿ, ಹವಾ ಚೆನ್ನಾಗಿದೆ" ಎಂದು ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು.

ಹವಾ ಚೆನ್ನಾಗಿರಲಿಲ್ಲ. ಅರಾಕಾವಾ ದಂಡೆಯ ಮೇಲೆ ಗಾಳಿ ಕಿವಿ ಕೊಯ್ಯುತ್ತಿತ್ತು. ಆದರೂ ನನಗೆ ಖುಷಿಯಾಗಿತ್ತು. ಅವನು ಮೊದಲಿನ ಹಾಗೆಯೇ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ. ಆಫೀಸಿನಲ್ಲಿ ತನ್ನ ಪಕ್ಕ ಕೂರುವ ಮೋರಿ ಸಾನ್ ದಿನವೂ ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟು ಹೇಗೆ ನಿದ್ದೆ ಹೊಡೆಯುತ್ತಾನೆಂದು ತೋರಿಸಿದ. ನಾನು ನಕ್ಕೆ. ಇವನ ಜೊತೆ ಬದುಕಬಹುದು ಅನ್ನಿಸಿತು.

"ಒಂದು ವಿಷಯ ಹೇಳ್ಲಾ? ಬೇಜಾರು ಮಾಡ್ಕೋಬೇಡಿ," ಎಂದ. "ಅಮ್ಮ ಮೊದಲು ನಿಮ್ಮ ಫೋಟೊ ನೋಡಿ ಬೇಡ ಅಂದಿದ್ರು. ಅತ್ತಿಗೆ ಮಾಡಿದ ವೀಡಿಯೊ ನೋಡಿದ್ಮೇಲೆ ಒಪ್ಕೊಂಡ್ರು. ಬಲಗಡೆ ಇಷ್ಟು ಸರಿ ಹೋಗಿದೆ ಅಂದ್ರೆ ಪೂರ್ತಿನೂ ಆಗುತ್ತಲ್ಲ ಅಂತ."

ಗಾಳಿಗೆ ಹಾರುತ್ತಿದ್ದ ದುಪಟ್ಟಾವನ್ನು ನಾನು ಕೊರಳಿಗೆ ಸುತ್ತಿಕೊಂಡೆ.

"ಎಡಗಡೆಗೂ ಅದನ್ನೇ ಶುರು ಮಾಡಿ. ನಾನೇ ತಗೊಂಡು ಕಳಿಸ್ತೀನಿ. ಎಷ್ಟಾದ್ರೂ ಪರವಾಗಿಲ್ಲ. ನವೆಂಬರ್‌ನಲ್ಲಿ ಮದುವೆ ಅಂದ್ರೂ ಟೈಮಿದೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇವನಿಗಾದರೂ ಹೇಳಬಹುದು, ಕೇಳಿ ನಗುತ್ತಾನೆ, ಆಮೇಲೆ ಇದು ನಮ್ಮಿಬ್ಬರ ನಡುವಿನ ತಮಾಷೆಯಾಗುತ್ತದೆ ಎಂದುಕೊಂಡೆ.

"ಬಲಗಡೆಗೆ ಅದನ್ನ ಹಚ್ಚೇ ಇಲ್ಲ," ಎಂದೆ. "ಆ ಜಾರ್ ಅಕ್ಕನ ಅತ್ತೆಗೆ ಅಂತ ಎತ್ತಿಟ್ಟಾಗಿದೆ. ಎರಡೂ ಕಡೆ ಡ್ರಗ್‌ಸ್ಟೋರ್‌ದೇ."

ಅವನು ನಗಲಿಲ್ಲ. ನಿಂತು ನನ್ನ ಕೆನ್ನೆ ನೋಡಿದ. ಈ ಕಡೆಯಿಂದ ನೋಡಿ, ಸುತ್ತಿ ಬಂದು ಆ ಕಡೆಯಿಂದಲೂ ನೋಡಿದ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಮುದುಕರೊಬ್ಬರು "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ನಮ್ಮನ್ನು ಬಳಸಿಕೊಂಡು ಹೋದರು.

"ಇಲ್ಲ," ಎಂದ. "ಡಿಫರೆನ್ಸ್ ಇದೆ."

"ಹೇಗಿರುತ್ತೆ? ಒಂದೇ ಕ್ರೀಮು."

"ನಿಮಗೆ ಗೊತ್ತಾಗಲ್ಲ, ದಿನಾ ನೋಡ್ತೀರಲ್ಲ. ಬಲಗಡೆ ನಿಜವಾಗ್ಲೂ ಬೆಟರ್ ಇದೆ."

"ಹಚ್ಚಿದ್ದು ನಾನು, ಸುಪ್ರೀತ್."

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ಅದನ್ನು ಗಮನಿಸಲಿಲ್ಲ. ಜಾಕೆಟ್ಟಿನ ಜೇಬಿಗೆ ಕೈ ಹಾಕಿಕೊಂಡು ನೀರು ನೋಡುತ್ತ ನಿಂತ. ಮತ್ತೆ ಮಾತಾಡಿದಾಗ ದನಿ ಇನ್ನೂ ಸಣ್ಣದಾಗಿತ್ತು.

"ಇದನ್ನ ಅಮ್ಮಂಗೆ ಹೇಳೋದು ಬೇಡ. ಅತ್ತಿಗೆಗೂ ಬೇಡ, ಅವರು ಆ ವ್ಯಾಪಾರಿಗೆ ಮಾತು ಕೊಟ್ಬಿಟ್ಟಿದಾರೆ. ಬಲಗಡೆ ಅದೇ ಹಚ್ಚಿದ್ದು ಅಂತ್ಲೇ ಇರ್ಲಿ. ಆಯ್ತಾ?"

"ಆಮೇಲೆ ನಿಮ್ಮಮ್ಮ, ಯಾಕೆ ಇನ್ನೂ ಸರಿ ಹೋಗಿಲ್ಲ ಅಂತ ಕೇಳಿದ್ರೆ?"

"ಮದುವೆ ಆದ್ಮೇಲೆ ಯಾರು ನೋಡ್ತಾರೆ, ಚಿನ್ಮಯಿ."

ಅದನ್ನೂ ಸಮಾಧಾನಕ್ಕೆಂದೇ ಹೇಳಿದ. ನಾನು ಅವನ ಮುಖ ನೋಡಿದೆ. ಚಪ್ಪಲಿ ಗೂಡಿನ ಹತ್ತಿರ ನನ್ನ ಕೆನ್ನೆ ನೋಡದೆ ಇದ್ದದ್ದು ಬರೀ ಸಭ್ಯತೆ ಇರಬೇಕು. ರೈಲಿನಲ್ಲಿ ಎದುರಿಗೆ ಕೂತವರನ್ನು ದಿಟ್ಟಿಸಬಾರದು ಎನ್ನುವುದನ್ನು ಈ ದೇಶ ಎಲ್ಲರಿಗೂ ಕಲಿಸುತ್ತದೆ.

"ಬೇಡ," ಎಂದೆ.

"ಏನು, ಕ್ರೀಮಾ?"

"ಅದೂ ಬೇಡ."

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಜಗಳವಾಡಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. "ಯೋಚನೆ ಮಾಡಿ" ಎಂದಷ್ಟೇ ಹೇಳಿದ. ಇಬ್ಬರೂ ಗಾಳಿಗೆ ತಲೆ ತಗ್ಗಿಸಿಕೊಂಡು ವಾಪಸ್ ನಡೆದೆವು.

ಅಕ್ಕ ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಒಂದು ಕ್ರೀಮಿಗೋಸ್ಕರ ಇಂಥ ಹುಡುಗನ್ನ ಬಿಟ್ಯಾ?" ಎಂದಳು. ಕ್ರೀಮಿಗೋಸ್ಕರ ಅಲ್ಲ ಎಂದೆ. "ಮತ್ತೆ ಯಾತಕ್ಕೆ ಹೇಳು." ನಾನು ಜಾಕೆಟ್ಟು ಬಿಚ್ಚಿ ನೇತುಹಾಕಿದೆ. "ನಿನ್ನ ಮುಖಕ್ಕೆ ಇನ್ನೆಂಥ—" ಎಂದು ಶುರು ಮಾಡಿದವಳು ಅಲ್ಲೇ ನಿಲ್ಲಿಸಿ, ಒಣಗಿದ ಬಟ್ಟೆ ಮಡಿಸಲು ಕೂತಳು. ಭಾವನ ಶರ್ಟುಗಳನ್ನೆಲ್ಲ ಮಡಿಸಿ ಮುಗಿಸುವವರೆಗೂ ತಲೆ ಎತ್ತಲಿಲ್ಲ. ಅಮ್ಮನಿಗೆ ಫೋನು ಮಾಡಿದ್ದೂ ಅವಳೇ. ಆ ಕಡೆಯಿಂದ ಅಮ್ಮ ಅತ್ತದ್ದು ನನಗೂ ಕೇಳಿಸಿತು.

ಯುಗಾದಿ ಊಟಕ್ಕೆ ಸಮುದಾಯ ಭವನದಲ್ಲಿ ಎಲ್ಲರೂ ಸೇರುವ ಹೊತ್ತಿಗೆ ಸುದ್ದಿ ಬೇರೆಯೇ ಆಗಿತ್ತು. ಹುಡುಗನ ತಾಯಿ ಎಡಗೆನ್ನೆ ನೋಡಿ ಹಿಂಜರಿದರಂತೆ. ಪಾಪ, ಹುಡುಗನಿಗೆ ಮನಸ್ಸಿತ್ತಂತೆ. ಯಾರು ಹಾಗೆ ಹೇಳಿದರೋ ಗೊತ್ತಿಲ್ಲ. ಯಾರೂ ಹೇಳದೆಯೂ ಆಗಿರಬಹುದು. ಎಲ್ಲರೂ ವೀಡಿಯೊದಲ್ಲಿ ಕಂಡ ಎರಡು ಕೆನ್ನೆಗೆ ಆ ಕಥೆಯೇ ಹೊಂದುತ್ತಿತ್ತು. ಹೋಳಿಗೆ ಬಡಿಸುತ್ತಿದ್ದ ಹೆಂಗಸರು ನನ್ನ ಎಲೆಗೆ ಒಂದು ಹೆಚ್ಚಿಗೆ ಹಾಕಿದರು.

ಸಾವಿತ್ರಕ್ಕ ಪಕ್ಕದಲ್ಲಿ ಬಂದು ಕೂತರು. ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, "ನಮ್ಮತ್ತೆ ಸ್ವಲ್ಪ ಹಳೇ ಕಾಲದವರು ಕಣಮ್ಮ. ನೀನು ಮನಸ್ಸಿಗೆ ಹಚ್ಕೋಬೇಡ" ಎಂದರು.

ಸುತ್ತ ನಾಲ್ಕೈದು ಜನ ಕೇಳಿಸಿಕೊಳ್ಳುತ್ತಿದ್ದರು. ಅಕ್ಕ ನನ್ನತ್ತ ನೋಡಿ, ಸುಮ್ಮನಿರು ಎಂಬಂತೆ ಕಣ್ಣಲ್ಲೇ ಹೇಳಿದಳು. ಅಷ್ಟು ಜನರೆದುರು ನಾನು ಈ ದೇಶಕ್ಕೆ ಬಂದ ಮೇಲೆ ಮಾತಾಡಿದವಳಲ್ಲ.

"ಅವರು ಬೇಡ ಅನ್ನಲಿಲ್ಲ, ಸಾವಿತ್ರಕ್ಕ," ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ಬೇಡ ಅಂದಿದ್ದು ನಾನು."

ಸಾವಿತ್ರಕ್ಕ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಹೌದಮ್ಮ," ಎಂದರು, ನನ್ನ ಕೈ ತಟ್ಟುತ್ತ. "ಯಾರಾದ್ರೂ ಕೇಳಿದ್ರೆ ಹಾಗೇ ಹೇಳ್ಬೇಕು."

ಎದುರಿನ ಸಾಲಿನ ಹೆಂಗಸೊಬ್ಬರು ಹೌದೆಂದು ತಲೆಯಾಡಿಸಿ, ನನಗೆ ತುಪ್ಪ ಹಾಕಲು ಎದ್ದು ಬಂದರು.