ಬೀಗ ಹಾಕಿಸಿಕೊಂಡವನು

ಪೋರ್ಟೊರಿಕೊದ ತೆಂಕಣ ಕಡಲಂಚಿನ ಸಾಂತಾ ರಿತಾದಲ್ಲಿ ಸೋಲನ್ನೇ ಬಂಡವಾಳ ಮಾಡಿಕೊಂಡು ಮರ್ಯಾದೆಯಿಂದ ಬದುಕಿದವನೆಂದರೆ ಹೆರಿಬೆರ್ತೊ ಲಬಾಯ್ ಒಬ್ಬನೇ. ಹರೆಯದಲ್ಲಿ ಅವನು ಊರಿನ ಬ್ಯಾಸ್ಕೆಟ್‌ಬಾಲ್ ತಂಡದ ದೊಡ್ಡ ಸ್ಕೋರರ್. ಒಂದು ಫೈನಲ್‌ನಲ್ಲಿ ಪಕ್ಕದೂರಿನ ಕ್ರಿಸಾಂತೊ ಫೆಬ್ರೆಸ್ ಅವನನ್ನು ನಾಲ್ಕೇ ಪಾಯಿಂಟಿಗೆ ಕಟ್ಟಿಹಾಕಿದ. ಕ್ರಿಸಾಂತೊನನ್ನು ದ್ವೀಪವೆಲ್ಲ 'ಬೀಗ' ಎಂದೇ ಕರೆಯುತ್ತಿತ್ತು. ಅವನು ಕಾವಲು ನಿಂತರೆ ಎದುರಿನವನಿಗೆ ಬುಟ್ಟಿ ಇರುವ ದಿಕ್ಕೇ ಮರೆತುಹೋಗುತ್ತಿತ್ತಂತೆ.

ಬೇರೆಯವನಾಗಿದ್ದರೆ ಆ ಸೋಲನ್ನು ಮುಚ್ಚಿಡುತ್ತಿದ್ದ. ಹೆರಿಬೆರ್ತೊ ಅದನ್ನು ತನ್ನ ಮದುವೆಯಲ್ಲಿ ಹೇಳಿದ, ಮಗಳ ಜ್ಞಾನಸ್ನಾನದಲ್ಲಿ ಹೇಳಿದ, ಮಾವನ ಹೆಣದ ಪಕ್ಕ ಕೂತೂ ಹೇಳಿದ. "ನನ್ನ ತಡೆಯೋಕೆ ಬೀಗವೇ ಬರಬೇಕಾಯ್ತು" ಎಂದು ಬೀಗುತ್ತಿದ್ದ. ಊರು ಒಪ್ಪಿಕೊಂಡಿತ್ತು. ಸಿಡಿಲು ಬಡಿದ ಮರಕ್ಕೂ ಒಂದು ಗೌರವ ಇರುತ್ತದಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಚೌಕದಲ್ಲಿ ದೊಮಿನೊ ಆಡುತ್ತಿದ್ದವನ ಕಿವಿಗೆ ಬೇಕರಿಯ ರೇಡಿಯೊ ಬಿತ್ತು. ನಿರೂಪಕ ಎಲಿಯೆಸೆರ್ ಪಬೋನ್ ಗಂಟಲು ಹರಿದುಕೊಳ್ಳುತ್ತಿದ್ದ: "ನಮ್ಮೂರ ಹೊಸ ಡಿಫೆಂಡರ್ ಯಾದ್ರಿಯೆಲ್ ಕೋತ್ತೊ ಮುಂದೆ ಆ ಹಳೇ ಬೀಗ ಬರೀ ತುಕ್ಕು!"

ಹೆರಿಬೆರ್ತೊ ಕೈಯಲ್ಲಿದ್ದ ಕಾಯಿಯನ್ನು ಮೇಜಿಗೆ ಕುಕ್ಕಿದ. "ಯಾರು, ಆ ಯಾದ್ರಿಯೆಲ್? ಮೀನಂಗಡೀಲಿ ನೊಣ ಓಡಿಸೋನ ಥರ ಕೈ ಬೀಸ್ತಾನೆ. ಅದು ಡಿಫೆನ್ಸಾ? ಎದುರಾಳಿ ಬಿದ್ರೆ ಎತ್ತಿ ನಿಲ್ಲಿಸಿ, ಅಮ್ಮ ಚೆನ್ನಾಗಿದ್ದಾರಾ ಅಂತ ಬೇರೆ ಕೇಳ್ತಾನೆ."

"ನಿನಗ್ಯಾಕಪ್ಪಾ ಉರಿ, ಹೆರಿಬೆರ್ತೊ?" ಎಂದ ಎದುರು ಕೂತಿದ್ದ ತಾಚೊ. "ಹುಡುಗ ನಮ್ಮೂರೋನು. ಆ ಬೀಗ ನಿನ್ನ ಮಾನ ಕಳೆದೋನು."

"ಮಾನ ಕಳೆದಿದ್ದು ಯಾರು ಅನ್ನೋದು ಮುಖ್ಯ ಅಲ್ವೇನೋ?"

ತಾಚೊನ ಭಾವಮೈದುನ ರೇಡಿಯೊದಲ್ಲೇ ಕೆಲಸಕ್ಕಿದ್ದ. ಮಾತು ಮಧ್ಯಾಹ್ನದೊಳಗೆ ಪಬೋನ್‌ಗೆ ಮುಟ್ಟಿತು. ಶನಿವಾರ ಬೇಕರಿಯಲ್ಲೇ ನೇರಪ್ರಸಾರ ಎಂದು ಅವನು ಸಾರಿಬಿಟ್ಟ: ಒಂದು ಕಡೆ ಬೀಗ, ಒಂದು ಕಡೆ ಬೀಗ ಹಾಕಿಸಿಕೊಂಡವನು.

ಹೆರಿಬೆರ್ತೊ ಇಸ್ತ್ರಿ ಮಾಡಿದ ಗ್ವಾಯಬೇರ ಅಂಗಿ ತೊಟ್ಟು ಹೊರಟ. "ಎಲ್ಲರೂ ಗೆದ್ದಿದ್ದು ಹೇಳ್ಕೊಳ್ಳೋಕೆ ಹೋಗ್ತಾರೆ" ಎಂದಳು ಹೆಂಡತಿ ಮಿಗ್ದಾಲಿಯ, ಕಾಲರ್ ಸರಿಮಾಡುತ್ತಾ. "ನನ್ನ ಗಂಡ ಮಾತ್ರ ಹಳೇ ಏಟಿಗೆ ಸೆಂಟು ಹೊಡ್ಕೊಂಡು ಹೋಗ್ತಾನೆ."

ಕ್ರಿಸಾಂತೊ ಬಂದ. ಹೊಟ್ಟೆ ಬಂದಿತ್ತು, ಮಂಡಿ ಹೋಗಿತ್ತು, ಕಿವಿ ಅರ್ಧ ಕೇಳುತ್ತಿತ್ತು. ಪೇರಲೆ ಹಣ್ಣಿನ ಪಫ್ ಬಾಯಿಗೆ ತುರುಕಿಕೊಳ್ಳುತ್ತಲೇ ಮೈಕಿನ ಮುಂದೆ ಕೂತ.

"ದೊನ್ ಕ್ರಿಸಾಂತೊ, ಯಾದ್ರಿಯೆಲ್ ನಿಮಗಿಂತ ಮೇಲಾ?" ಎಂದ ಪಬೋನ್.

"ಮೇಲೇ. ಅವನು ಕಾಲಲ್ಲಿ ಆಡ್ತಾನೆ. ನಾನು ಚಡ್ಡಿ ಹಿಡಿದು ಎಳೀತಿದ್ದೆ, ಪಕ್ಕೆ ಚಿವುಟ್ತಿದ್ದೆ. ಆಗ ಕ್ಯಾಮೆರಾ ಎಲ್ಲಿತ್ತು?"

ಬೇಕರಿ ನಕ್ಕಿತು. ಹೆರಿಬೆರ್ತೊ ನಗಲಿಲ್ಲ. ಮೈಕಿನತ್ತ ಬಾಗಿ, "ಆ ಫೈನಲ್ ವಿಷಯ ಹೇಳಿ. ನನ್ನ ಹೇಗೆ ತಡೆದ್ರಿ ಅಂತ ಹೇಳಿ" ಎಂದ.

ಕ್ರಿಸಾಂತೊ ಅವನನ್ನು ಬಹಳ ಹೊತ್ತು ನೋಡಿದ. "ಓ, ನೀನಾ. ನಿನ್ನ ನಾನೆಲ್ಲಿ ತಡೆದೆ ಮಾರಾಯ? ಕೋಚ್ ಅವತ್ತು ಹೇಳಿದ್ರು: ಇವನ ಮೇಲೆ ಬೆವರು ಸುರಿಸಬೇಡ, ಇವನಿಗೆ ನಿನ್ನ ಕಂಡ್ರೆ ಭಯ, ಅವನಿಗೆ ಕಾಣೋ ಹಾಗೆ ನಿಂತ್ಕೋ ಸಾಕು. ನಾನು ನಿಂತೆ. ನೀನೇ ಗಾಳಿಗೆ ಎಸೆದೆ."

ಹೆರಿಬೆರ್ತೊನ ಕಿವಿ ಕಾದವು. ಕ್ರಿಸಾಂತೊ ಹೇಳಿದ್ದು ನಿಜ. ಅಂದು ಅಂಕಣಕ್ಕಿಳಿಯುವ ಮೊದಲೇ ಅವನ ಬೆರಳು ಮರಗಟ್ಟಿದ್ದವು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಈಗ ಅವಳು ಮನೆಯಲ್ಲಿ ರೇಡಿಯೊ ಹಚ್ಚಿಕೊಂಡು ಕೂತಿದ್ದಾಳೆ.

ಅವನು ಪಬೋನ್ ಕಡೆ ತಿರುಗಿ, "ಕೇಳಿಸ್ಕೊಂಡ್ರಾ?" ಎಂದ. "ಮುಟ್ಟಲೂ ಇಲ್ಲ. ಬರೀ ನಿಂತಿದ್ದು. ನಿಮ್ಮ ಯಾದ್ರಿಯೆಲ್ ನಿಂತ್ರೆ ಯಾರಾದ್ರೂ ಹೆದರ್ತಾರೇನ್ರೀ? ಬಸ್ಸಿಗೆ ಕಾಯ್ತಿದ್ದಾನೆ ಅಂದ್ಕೋತಾರೆ."

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ತಾಚೊ ಚಪ್ಪಾಳೆ ಹೊಡೆದ. ಭಯ ಹುಟ್ಟಿಸುವುದು ಡಿಫೆನ್ಸಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಜನ ಅಲ್ಲೇ ಎರಡು ಪಂಗಡವಾದರು. ಕ್ರಿಸಾಂತೊಗೆ ಏನೂ ಸರಿಯಾಗಿ ಕೇಳಿಸಲಿಲ್ಲ. ಅವನು ಇನ್ನೊಂದು ಪಫ್ ತೆಗೆದುಕೊಂಡ.

ಸಂಜೆ ಪಬೋನ್ ಇಬ್ಬರನ್ನೂ ಪಂದ್ಯಕ್ಕೆ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದ. ಎದುರು ತಂಡದ ಓಸ್ವಾಲ್ದೊ ಎಂಬ ಎಳೆಯ ಸ್ಕೋರರ್‌ನ ನೆರಳಿಗೇ ಯಾದ್ರಿಯೆಲ್ ಅಂಟಿಕೊಂಡಿದ್ದ. ಚಿವುಟಲಿಲ್ಲ, ಎಳೆಯಲಿಲ್ಲ. ಚೆಂಡು ಬರುವ ದಾರಿಯನ್ನು ಮೊದಲೇ ತಿಳಿದವನಂತೆ ಅಲ್ಲಿರುತ್ತಿದ್ದ. ಓಸ್ವಾಲ್ದೊ ಎಡಕ್ಕೆ ಹೋದ, ಬಲಕ್ಕೆ ಹೋದ, ಕೊನೆಗೆ ಚೆಂಡನ್ನು ಪಕ್ಕದವನಿಗೆ ಕೊಟ್ಟು ಸುಮ್ಮನಾದ.

"ಒಳ್ಳೇ ಹುಡುಗ" ಎಂದ ಕ್ರಿಸಾಂತೊ.

ಯಾದ್ರಿಯೆಲ್‌ನನ್ನು ಬಿಟ್ಟು ಹೆರಿಬೆರ್ತೊ ಓಸ್ವಾಲ್ದೊನನ್ನೇ ನೋಡುತ್ತಿದ್ದ.

ಆಟ ಮುಗಿದ ಮೇಲೆ ಓಸ್ವಾಲ್ದೊ ತಲೆಯ ಮೇಲೆ ಟವೆಲ್ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ. ಹೆರಿಬೆರ್ತೊ ಹೋಗಿ ಪಕ್ಕದಲ್ಲಿ ಕೂತ.

"ಅಳಬೇಡ ಕಣಪ್ಪ. ಈ ದ್ವೀಪ ಕಂಡ ದೊಡ್ಡ ಡಿಫೆಂಡರ್ ನಿನ್ನ ತಡೆದಿದ್ದಾನೆ. ಇವತ್ತಿಂದಲೇ ಹಾಗಂತ ಹೇಳ್ಕೊಂಡು ಬಾ. ತಡ ಮಾಡಿದ್ರೆ ಯಾರೂ ನಂಬಲ್ಲ."

ಹುಡುಗ ಟವೆಲ್ ಸರಿಸಿ ನೋಡಿದ. "ನೀವ್ಯಾರು?"

"ನಾನೂ ಆಡ್ತಿದ್ದೆ" ಎಂದ ಹೆರಿಬೆರ್ತೊ.